ಕೊಳವೆ ಖಾಲಿ ಇರಲಿಲ್ಲ

ನನ್ನ ಸಣ್ಣ ಡಾಕ್ಟರಮ್ಮನಿಗೆ,

ಲ್ಯಾಬಿನಲ್ಲಿ ಗಾಜು ತೊಳೆಯುವ ನಿನ್ನ ದೊಡ್ಡಮ್ಮ ಬರೆಯುತ್ತಿದ್ದೇನೆ. ಡಾಕ್ಟರೇಟ್ ಮುಗಿಯದೆ ಹಾಗೆ ಕರೆದರೆ ನಿನಗೆ ನಾಚಿಕೆ. ಇವತ್ತು ಬೇಕೆಂದೇ ಕರೆದಿದ್ದೇನೆ. ನೀನು ಓದು ಬಿಟ್ಟು ಊರಿಗೆ ಹೋಗಿ ಒಂಬತ್ತು ದಿನವಾಯಿತು. ಅಷ್ಟು ದಿನವೂ ಪ್ರಾರ್ಥನೆಗೆ ಕೂತೆ, ದೇವರ ಮುಖ ನೋಡಲು ಮಾತ್ರ ಆಗಲಿಲ್ಲ.

ನೀನು ಟ್ರಾನ್ಸಿಸ್ಟರ್ ಮಾಡುತ್ತೀಯೆಂದು ಕೇಳಿ ನಾನು, "ನಮ್ಮಪ್ಪನ ಹತ್ರಾನೂ ಒಂದಿತ್ತು, ಬೆಳಿಗ್ಗೆ ವಾರ್ತೆ ಹೇಳ್ತಿತ್ತು" ಎಂದಿದ್ದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅದು ರೇಡಿಯೋ, ದೊಡ್ಡಮ್ಮ. ಇದು ಅದರೊಳಗಿನ ನಲ್ಲಿ ಇದ್ದ ಹಾಗೆ. ಕರೆಂಟ್ ಬಿಡುತ್ತೆ, ನಿಲ್ಸುತ್ತೆ." ಆಮೇಲೆ ಅದಕ್ಕೆ ಬಳಸುವ ಕೆಂಪು ಪುಡಿ ತೋರಿಸಿದೆ. "ಪುಡೀಲಿ ಕರೆಂಟ್ ಹೆಜ್ಜೆಹೆಜ್ಜೆಗೂ ಎಡವುತ್ತೆ. ಒಂದೇ ಹರಳಾಗಿ ಬೆಳೆಸಿದ್ರೆ ಒಂದು ಅಣುವಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತೆ." ಅದಕ್ಕೆಂದೇ ನೀನು ಪುಡಿಯನ್ನು ಗಾಜಿನ ಕೊಳವೆಯಲ್ಲಿಟ್ಟು, ಫರ್ನೇಸಿನಲ್ಲಿ ಕಾಯಿಸಿ, ಮೆಲ್ಲಗೆ ಗ್ಯಾಸ್ ಹರಿಸಿ, ಆವಿಯಾದ ಪುಡಿ ಮುಂದೆ ಹೋಗಿ ಹರಳಾಗಿ ಕೂರಲಿ ಎಂದು ಎರಡೆರಡು ದಿನ ಕಾಯುತ್ತಿದ್ದೆ. ಎರಡು ಸಲ ಕೆಟ್ಟಿತು. ಮೂರನೆಯ ಸಲ ನಿನ್ನದೇ ಲೆಕ್ಕದ ಪ್ರಕಾರ ಗ್ಯಾಸ್ ಇನ್ನೂ ನಿಧಾನ ಮಾಡಿದೆ.

ಆ ಎರಡು ದಿನ ಮುಗಿದ ಬೆಳಿಗ್ಗೆ ನಾನು ಮೊದಲು ಬಂದೆ. ಫರ್ನೇಸ್ ಆರಿತ್ತು. ನೀನು ಬರುವಷ್ಟರಲ್ಲಿ ಕೊಳವೆ ಲಕಲಕ ಎನ್ನಲಿ ಎಂದು ಹೊರಗೆಳೆದೆ. ಒಳಗೆ ಕೆಂಪು ಎಳೆಗಳು ಅಂಟಿದ್ದವು, ರೆಪ್ಪೆಕೂದಲಿನಷ್ಟು ಉದ್ದ, ಈರುಳ್ಳಿ ಸಿಪ್ಪೆಗಿಂತ ತೆಳು. ಸೀದು ಹಿಡಿದ ಕೊಳೆಯೆಂದು ತಿಳಿದು ಬ್ರಷ್ ಹಾಕಿ ಉಜ್ಜಿ, ತೊಳೆದು, ಒಣಗಿಸಿ, ಇದ್ದಲ್ಲೇ ಇಟ್ಟೆ.

ನೀನು ಬಂದು ಖಾಲಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದೆ. "ಗ್ಯಾಸ್ ಎಲ್ಲಾನೂ ಹೊತ್ಕೊಂಡು ಹೋಗಿದೆ. ನನ್ನ ಲೆಕ್ಕಾನೇ ತಪ್ಪು. ನಂಗಿದು ಆಗಲ್ಲ" ಎಂದೆ. ನಾನು ಉಜ್ಜಿದ್ದು ಕೊಳೆಯಲ್ಲವೆಂದು ಆಗ ನನಗೆ ಅರ್ಥವಾಯಿತು. ಕೆಲಸ ಹೋಗುತ್ತದೆಂಬ ಭಯಕ್ಕೆ ನಾಲಿಗೆ ಏಳಲಿಲ್ಲ.

ನಿನ್ನೆ ನಿನ್ನ ಮೇಜಿನ ಮೇಲಿನ ಹೆಸರಿನ ಚೀಟಿ ಕೀಳಲು ನನಗೇ ಹೇಳಿದರು. ಉಗುರು ಹಾಕಿದವಳು ತಿರುಗಿ ನೇರ ನಿನ್ನ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಕುರ್ಚಿಯಿಂದೆದ್ದರು. "ಎಷ್ಟುದ್ದ ಇತ್ತು ಅಂದ್ರಿ? ಇನ್ನೊಂದ್ಸಲ ಹೇಳಿ" ಎಂದು ಮೂರು ಸಲ ಹೇಳಿಸಿಕೊಂಡರು. ಆಮೇಲೆ ಚೆನ್ನಾಗಿ ಬೈದರು, ಅದು ಬೇರೆ ಮಾತು. ಕೊನೆಗೆ, "ಚೀಟಿ ಹಾಗೇ ಇರ್ಲಿ" ಎಂದರು.

ಹರಳು ಬೆಳೆದಿತ್ತು, ಮಗಳೇ. ನಿನ್ನ ಲೆಕ್ಕ ಸರಿಯಿತ್ತು. ಕಣ್ಣಾರೆ ಕಂಡವಳು ನಾನೊಬ್ಬಳೇ, ಅದೂ ಬ್ರಷ್ ಹಿಡಿದುಕೊಂಡು. ನನ್ನನ್ನು ಕ್ಷಮಿಸದಿದ್ದರೂ ಸರಿ, ಬಾ. ಸೋಮವಾರದಿಂದ ಫರ್ನೇಸ್ ನಿನ್ನದೇ ಎಂದಿದ್ದಾರೆ ಪ್ರೊಫೆಸರರು. ನೀನು ಹೇಳದೆ ಅದರ ಹತ್ತಿರ ಸುಳಿಯುವುದಿಲ್ಲ, ದೇವರಾಣೆ.

ನೀನು ಕೈಯಿಟ್ಟದ್ದನ್ನೆಲ್ಲ ಭಗವಂತ ಬೆಳೆಸಲಿ.

ದಾರಿ ಕಾಯುತ್ತಿರುವ,
ನಿನ್ನ ದೊಡ್ಡಮ್ಮ