ತಾಕತ್ತಿನ ಗುಳಿಗೆ

ನವಿ ಪೇಠ, ಸೋಲಾಪುರ
ತಾ. 6-11-1975

ನನ್ನ ಮುದ್ದು ತಮ್ಮ ಕಲ್ಲಣ್ಣನಿಗೆ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ.

ನೀನು, ಗುರಮ್ಮ, ಅವ್ವ ಆರಾಮವಾಗಿದ್ದೀರಾ? ಮೈಂದರ್ಗಿಯಲ್ಲಿ ಚಳಿ ಬಿತ್ತೆ? ಅವ್ವನ ಮೊಣಕಾಲು ನೋವು ಹೇಗಿದೆ? ನೀನಂತೂ ಒಂದು ಕಾಗದ ಹಾಕುವವನಲ್ಲ, ಕೈಗೆ ಗೋರಂಟಿ ಹಚ್ಚಿಕೊಂಡು ಕೂತಿದ್ದೀಯೇನೋ ಮಾರಾಯಾ!

ಇಲ್ಲಿ ನಮ್ಮ ಯಜಮಾನರ ಆರೋಗ್ಯ ಚೆನ್ನಾಗಿಲ್ಲ. ದವಾಖಾನೆಗೆ ಸೇರಿಸಿದ್ದೇವೆ. ಕಣ್ಣು, ಉಗುರು ಎಲ್ಲ ಹಳದಿ, ಹೊಟ್ಟೆ ಉಬ್ಬಿದೆ, ಮೈ ಕೆರೆದು ಕೆರೆದು ರಕ್ತ ಬರುತ್ತದೆ. ದಸರೆಗೇ ಕಾಮಾಲೆ ಕಾಣಿಸಿತ್ತು. ಕುರನೂರಿನವರೊಬ್ಬರು ಕೊಟ್ಟ ಬೇರಿನ ರಸ ಕುಡಿಸಿದೆವು, ಎಣ್ಣೆ ಬಿಡಿಸಿದೆವು, ಖಾರ ಬಿಡಿಸಿದೆವು. ಆದರೆ ಆ ತಾಕತ್ತಿನ ಗುಳಿಗೆಯೊಂದನ್ನು ಬಿಡಿಸಲಿಲ್ಲ ನೋಡು! ಮದುವೆಯಾದ ಎರಡನೇ ವರ್ಷದಿಂದ, ಮಕ್ಕಳಾಗಲೆಂದು, ಲಿಂಗಪೂಜೆ ಮುಗಿದ ಕೂಡಲೇ ಹಾಲಿನ ಜೊತೆ ನುಂಗುತ್ತಿದ್ದರಲ್ಲ, ನಿನ್ನ ಮದುವೆಯಾದ ಮೇಲೆ ನಿನಗೂ ರೂಢಿ ಮಾಡಿಸಿದರಲ್ಲ, ಅದೇ. ಪೂಜೆಯ ಬೆನ್ನಿಗೇ ಬಾಯಿಗೆ ಹಾಕಿಕೊಳ್ಳುವುದನ್ನು ಯಾರು ಔಷಧವೆಂದು ಎಣಿಸುತ್ತಾರೆ? ನಮ್ಮ ಮನೆಯಲ್ಲಿ ಅದು ಪ್ರಸಾದವೇ ಆಗಿಹೋಗಿತ್ತು. ಕಾಮಾಲೆಯಿಂದ ನಿತ್ರಾಣವಾದಾಗ "ತಾಕತ್ತ ಕಮ್ಮಿ ಆಗೇತಿ" ಎಂದು ಒಂದರ ಬದಲು ಎರಡೆರಡು ತೆಗೆದುಕೊಂಡರು. ಒಳ್ಳೆಯದೇ ಆಯಿತೆಂದು ನಾವೂ ಸುಮ್ಮನಿದ್ದೆವು.

ಡಾಕ್ಟರರು ಡಬ್ಬಿ ನೋಡಿ ಸಿಡಿಮಿಡಿಗೊಂಡರು. "ರತ್ನಾಬಾಯಿ, ಇದನ್ನ ಯಾರ ಬರದ ಕೊಟ್ಟಾರ ನಿಮಗ?" ಎಂದು ಕೇಳಿದರು. ಯಾರೂ ಬರೆದುಕೊಟ್ಟದ್ದಲ್ಲ. ಪೇಠೆಯ ವ್ಯಾಪಾರಿಗಳು ಒಬ್ಬರಿಗೊಬ್ಬರು ಹೇಳಿಕೊಂಡು ತಿನ್ನುವುದು. ಅದರಿಂದಲೇ ಲಿವರ್ ಪೂರ್ತಿ ಕೆಟ್ಟಿದೆಯಂತೆ. ಉಳಿಯುತ್ತಾರೆಂದು ಅವರು ಬಾಯಿಬಿಟ್ಟು ಹೇಳುತ್ತಿಲ್ಲ. ನನಗೆ ಬಹಳ ಹೆದರಿಕೆಯಾಗಿದೆ, ತಮ್ಮಾ.

ಅವ್ವನ ಪಾದಕ್ಕೆ ನನ್ನ ಶರಣು ತಿಳಿಸು. ಗುರಮ್ಮನಿಗೆ ಅಕ್ಕ ನೆನೆಸಿದಳೆಂದು ಹೇಳು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರತ್ನಾಬಾಯಿ

ತಾ.ಕ.: ದವಾಖಾನೆಗೆ ಬುತ್ತಿ ಒಯ್ಯುವ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ಗುರಮ್ಮ ಬಂಜೆಯೆಂದು ಅವ್ವ ಅಕ್ಕಲಕೋಟದಲ್ಲಿ ನಿನಗೆ ಎರಡನೇ ಹೆಣ್ಣು ಗೊತ್ತು ಮಾಡಿದ್ದಾಳಂತೆ. ನೋಡಲು ಹೋಗಬೇಡ. ಡಾಕ್ಟರರು ನನ್ನ ಮುಂದೆಯೇ ಹೇಳಿದರು: "ಈ ಗುಳಿಗ್ಯಾಗ ಇರೂದು ಗಂಡಸಿನ ಹಾರ್ಮೋನು. ಅದು ಹೊರಗಿಂದ ಬರಾಕತ್ತಂದ್ರ ಮೈ ತನ್ನ ಹಾರ್ಮೋನು ತಾನ ಮಾಡೂದು ಬಿಡತೈತ್ರಿ. ಬೀಜನ ಒಣಗಿ ಹೋಗತೈತಿ." ಮಕ್ಕಳಾಗಲೆಂದು ನುಂಗಿದ್ದೇ ಮಕ್ಕಳಾಗದ ಹಾಗೆ ಮಾಡಿತು, ಕಲ್ಲಣ್ಣಾ! ಬಿಟ್ಟರೆ ನಿನಗೆ ಮೊದಲಿನಂತಾಗಬಹುದಂತೆ. ಇವತ್ತೇ ಬಿಡು, ಇಲ್ಲಿಗೆ ಬಂದು ತೋರಿಸಿಕೋ. ಇಷ್ಟು ವರ್ಷ ಬಸುರಿಯರ ಕುಬಸಕ್ಕೆ ನನ್ನನ್ನು ಒಬ್ಬರೂ ಕರೆಯಲಿಲ್ಲ. ಗುರಮ್ಮನಿಗೆ ಓದಲು ಬರುವುದಿಲ್ಲ. ಇದನ್ನು ನೀನೇ ಅವಳಿಗೆ ಓದಿ ಹೇಳು, ಅವ್ವನ ಮುಂದೆಯೇ.