ಮುನ್ನೂರು ಓಮಿನ ಹೆಡ್‌ಫೋನ್ ಮತ್ತು ದೊಡ್ಡಮ್ಮನ ಕಿವಿ

ಪ್ರೀತಿಯ ದೊಡ್ಡಮ್ಮ,

ನಮಸ್ಕಾರ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ಈ ಸಲ ಬೈಸಿಕೊಳ್ಳಲು ನಾನೇ ತಯಾರಾಗಿ ಕೂತಿದ್ದೇನೆ.

ನಿನ್ನ ಗಂಟು ನಿನ್ನೆ ಅಂಗಡಿಗೆ ಬಂತು. ಬಿಚ್ಚಿ ನೋಡಿದರೆ, ಪಿಯಾನೋ ಶ್ರುತಿ ಮಾಡುವ ನಿನ್ನ ನಲವತ್ತು ವರ್ಷದ ಸಾಮಾನು! ಮರದ ಹಿಡಿಯ ಕೀಲಿ, ತಂತಿಗಳ ನಡುವೆ ಸಿಕ್ಕಿಸುವ ಉಣ್ಣೆಬಟ್ಟೆಯ ಬೆಣೆಗಳು, ಜೊತೆಗೊಂದು ಚೀಟಿ. “ನೀನು ಕೊಟ್ಟ ಹೆಡ್‌ಫೋನ್ ಹಾಕ್ಕೊಂಡು ಕೂತೆ ಕಣೇ. ಫೋನಿನ ಸೌಂಡು ಪೂರ್ತಿ ಏರಿಸಿದ್ರೂ ಯಾರೋ ಗೋಡೆಯಾಚೆ ಪಿಸುಗುಟ್ಟಿದ ಹಾಗಿತ್ತು. ನನ್ನ ಕಿವಿ ಕೈಕೊಟ್ವು. ಶಾಲೆಯವರಿಗೆ ಪಿಯಾನೋ ಶ್ರುತಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂದ್ಬಿಟ್ಟೆ. ಇವೆಲ್ಲಾ ಇನ್ನು ನಿಂದು.”

ಆ ಗಂಟಿನ ಮೇಲೆ ಚಿಕ್ಕಂದಿನಿಂದ ನನಗೆ ಕಣ್ಣು. ನಿನಗೂ ಗೊತ್ತು. ಆದರೆ ಕೈಗೆ ಬಂದಾಗ ಮುಟ್ಟಲೂ ಮನಸ್ಸಾಗಲಿಲ್ಲ.

ತಪ್ಪು ನಿನ್ನ ಕಿವಿಯದಲ್ಲ, ನನ್ನದು. ಹೆಡ್‌ಫೋನ್ ಕೊಳ್ಳಲು ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬರನ್ನೂ “ಮೊದಲು ಯಾವುದಕ್ಕೆ ಸಿಕ್ಕಿಸ್ತೀರಾ ಹೇಳಿ” ಎಂದು ಪೀಡಿಸುವವಳು ನಾನು. ನಿನ್ನನ್ನು ಮಾತ್ರ ಕೇಳಲಿಲ್ಲ. ಎಪ್ಪತ್ತನೇ ಹುಟ್ಟುಹಬ್ಬವೆಂಬ ಸಂಭ್ರಮದಲ್ಲಿ ಕಪಾಟಿನಲ್ಲಿದ್ದ ಅತ್ಯುತ್ತಮ ಹೆಡ್‌ಫೋನನ್ನೇ ತೆಗೆದು ಕಟ್ಟಿಕೊಟ್ಟೆ. ಅದು ಕರೆಂಟಿಗೆ ಒಡ್ಡುವ ತಡೆಯೇ ಮುನ್ನೂರು ಓಮು, ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಫೋನಿನ ಬಲ ಅದಕ್ಕೆ ಏನೇನೂ ಸಾಲದು, ಹಿಂದಿನಿಂದ ತಳ್ಳಲು ಆಂಪ್ಲಿಫೈಯರ್ ಬೇಕೇ ಬೇಕು. ನೀನು ಒಬ್ಬಳೇ ಪಿಯಾನೋ ತಳ್ಳಲು ಹೊರಟ ಹಾಗಾಯಿತು ಪಾಪದ ಫೋನಿನ ಗತಿ.

ಚೀಟಿಯ ಹಿಂಬದಿ ಓದಿದಾಗಲಂತೂ ನಗು ತಡೆಯಲಾಗಲಿಲ್ಲ. “ಎದುರುಮನೆ ಗೇಟಿನ ಕಿರ್ ಕಿರ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ, ಕಿಟಕಿ ಮುಚ್ಚಿದ್ರೂ ಬಿಡಲ್ಲ” ಎಂದಿದ್ದೀಯ. ಅಲ್ಲ ದೊಡ್ಡಮ್ಮ, ಕಿವಿ ಹೋದವಳಿಗೆ ರಸ್ತೆಯಾಚೆಯ ಗೇಟು ಕೇಳಿಸುತ್ತದೆಯೇ? ನಕ್ಕು ನಕ್ಕು ಸುಸ್ತಾದ ಮೇಲೆ ಅಳು ಬಂತು. ಮೂರು ವಾರ ಒಬ್ಬಳೇ ಆ ಭಯ ಇಟ್ಟುಕೊಂಡು ಕೂತಿದ್ದೆಯಲ್ಲ, ಅದೂ ನನ್ನ ಉಡುಗೊರೆಯಿಂದ. ಕ್ಷಮಿಸು.

ಇವತ್ತು ಬೆಳಗ್ಗೆಯಿಂದ ಅಂಗಡಿಯಲ್ಲಿ ನಿನ್ನದೇ ಕೆಲಸ. ನಿನ್ನ ಹೆಡ್‌ಫೋನಿನಂಥದ್ದೇ ಇನ್ನೊಂದನ್ನು ಹಾಕಿಕೊಂಡು ಮೂರು ಆಂಪ್ಲಿಫೈಯರ್ ನೋಡಿದೆ. ಮೊದಲನೆಯದಕ್ಕೆ ಬಲವೇನೋ ಇತ್ತು, ಆದರೆ ನಾದ ನಿಂತ ಜಾಗದಲ್ಲೆಲ್ಲ ಸುಯ್ ಎನ್ನುತ್ತಿತ್ತು. ನೀನಾಗಿದ್ದರೆ ಎತ್ತಿ ಎಸೆಯುತ್ತಿದ್ದೆ. ಎರಡನೆಯದು ಮೇಲಿನ ಸ್ವರಗಳನ್ನು ಹಲ್ಲು ಜುಂ ಎನ್ನುವಷ್ಟು ಚೂಪು ಮಾಡಿತು. ಮೂರನೆಯದು ನೋಡಲು ಸೋಪಿನ ಡಬ್ಬಿಯಷ್ಟು. ಬಂದದ್ದನ್ನು ಬಂದ ಹಾಗೇ ದಾಟಿಸುತ್ತದೆ, ತನ್ನದೊಂದು ಮಾತು ಸೇರಿಸುವುದಿಲ್ಲ. ಫೋನಿನಲ್ಲಿ ಬರೀ ಅಂಕಿಗಳಾಗಿ ಕೂತ ಹಾಡನ್ನು ನಾದ ಮಾಡಿಕೊಡುವ ಡ್ಯಾಕ್ ಕೂಡ ಅದರೊಳಗೇ ಇದೆ. ಅದನ್ನೇ ಕಳಿಸುತ್ತಿದ್ದೇನೆ. ಸೌಂಡಿನ ಗುಂಡಿಯನ್ನು ಸೊನ್ನೆಗಿಟ್ಟು, ಹಾಕಿಕೊಂಡ ಮೇಲೆ ನಿಧಾನ ತಿರುಗಿಸು. ನನ್ನ ಹಾಗೆ ಗಡಿಬಿಡಿ ಮಾಡಬೇಡ.

ಮೂರಕ್ಕೂ ಪರೀಕ್ಷೆ ಒಂದೇ ಆಗಿತ್ತು. ನನಗೆ ಎಂಟು ವರ್ಷವಿದ್ದಾಗ ಶಾಲೆಯ ಹಾಲಿನಲ್ಲಿ ಪಿಯಾನೋ ಕೆಳಗೆ ಕೂತು ನಿನ್ನ ಕೆಲಸವನ್ನು ಟೇಪ್ ಮಾಡಿದ್ದೆನಲ್ಲ, ಅದು. ನಿನ್ನ ಫೋನಿಗೂ ಕಳಿಸಿದ್ದೇನೆ. ಎರಡು ತಂತಿಗಳ ನಾದ ವಂವ್ ವಂವ್ ಎಂದು ಓಲಾಡುತ್ತದೆ. “ಸುಮ್ನಿರೇ ಗಡಿಬಿಡಿ, ತಂತಿಗಳು ಜಗಳ ಆಡ್ತಿವೆ, ಕೇಳಿಸ್ಕೋ” ಎಂದು ನೀನು ಗದರುತ್ತೀಯ. ಓಲಾಟ ನಿಧಾನವಾಗುತ್ತಾ ಬಂದು ಪೂರ್ತಿ ನಿಲ್ಲುತ್ತದೆ. ನಿಂತ ಮರುಕ್ಷಣ, ಉಸಿರಿನಷ್ಟು ಮೆಲ್ಲಗೆ, ನೀನು “ಹಾಂ” ಎನ್ನುತ್ತೀಯ. ಇಷ್ಟು ವರ್ಷ ನೂರು ಸಲ ಕೇಳಿದ್ದರೂ ಅದು ನನಗೆ ಸಿಕ್ಕಿದ್ದು ಇವತ್ತೇ.

ಶಾಲೆಯ ಸಂಗೀತದ ಟೀಚರಿಗೆ ಫೋನ್ ಮಾಡಿದ್ದೆ. ಅವರು ಬೇರೆ ಯಾರನ್ನೂ ಹುಡುಕಿಯೇ ಇಲ್ಲ. “ಅವರ ಮನಸ್ಸು ಬದಲಾಗ್ಲಿ ಅಂತ ಕಾಯ್ತಿದೀವಿ” ಎಂದರು. ಗುರುವಾರ ಬರುತ್ತಾಳೆ ಎಂದು ನಿನ್ನ ಪರವಾಗಿ ಒಪ್ಪಿಕೊಂಡಿದ್ದೇನೆ.

ಗಂಟು ಇದೇ ಪೆಟ್ಟಿಗೆಯ ತಳದಲ್ಲಿದೆ. ಒಂದು ಬೆಣೆಯನ್ನೂ ಇಟ್ಟುಕೊಂಡಿಲ್ಲ. ಆ “ಹಾಂ” ಕೇಳಿಸಿದ ಕೂಡಲೇ ಗಂಟು ಎತ್ತಿಕೊಂಡು ಹೊರಡು. ಹೋಗುವ ದಾರಿಯಲ್ಲಿ ಎದುರುಮನೆಯ ಗೇಟಿಗೆ ಎರಡು ಹನಿ ಎಣ್ಣೆ ಬಿಡು.

ನಿನಗೂ ನಿನ್ನ ಎರಡು ಕಿವಿಗಳಿಗೂ ದೀರ್ಘಾಯುಷ್ಯ ಕೋರುತ್ತಾ,

ನಿನ್ನ ಗಡಿಬಿಡಿ