ಅಕ್ಕನ ಡಬ್ಬಿ

ಚಿತ್ತಾಪುರ, ೧೯೮೩

ಪೀರಮ್ಮಕ್ಕಾ,

ಇವತ್ತು ಕಲಬುರಗಿಯಿಂದ ಒಬ್ಬ ಡಾಕ್ಟರು ನಮ್ಮ ಲ್ಯಾಬಿಗೆ ಬಂದಿದ್ದರು. ಕರುಳಿನ ಕ್ಯಾನ್ಸರನ್ನು ಬೇಗ ಹಿಡಿಯಲು ಹೊಸ ಪರೀಕ್ಷೆಯೊಂದನ್ನು ತಂದಿದ್ದರು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಕಾಗದ ನೀಲಿಯಾಗುತ್ತದೆ. ನಮ್ಮ ಹಳೆಯ ಪರೀಕ್ಷೆಗಿಂತ ಅದನ್ನು ಎಷ್ಟು ಹೆಚ್ಚು ನಂಬಬಹುದು ಎಂದು ನೋಡುವುದು ಅವರ ಕೆಲಸ.

ದಂಡೋತಿಯ ಹಣಮಮ್ಮ ಎಂಬ ಹೆಂಗಸು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ನಾಚಬ್ಯಾಡ್ರಿ ಅವ್ವಾ, ಕೊಡ್ರಿ ಇಲ್ಲಿ," ಎಂದು ನಾನೇ ಇಸಿದುಕೊಂಡೆ.

ಎರಡು ವರ್ಷದ ಹಿಂದೆ ನೀನೂ ಅಲ್ಲೇ ನಿಂತಿದ್ದೆ. "ರಕ್ತ ಬೀಳಾಕತ್ತದ ತಮ್ಮಾ, ಒಮ್ಮೆ ನೋಡಿಬಿಡು," ಅಂದಿದ್ದೆ. ಜೊತೆಯವರ ಮುಂದೆ ಅಕ್ಕನ ಡಬ್ಬಿ ಮುಟ್ಟಲು ನನಗೆ ನಾಚಿಕೆಯಾಯಿತು. "ಮೂಲವ್ಯಾಧಿ ಇರ್ತದ, ಮನೀಗಿ ಹೋಗು," ಅಂದೆ. ನೀನು ನಂಬಿದೆ. ವರ್ಷ ತುಂಬುವುದರೊಳಗೆ ನಿನ್ನನ್ನು ಮಣ್ಣು ಮಾಡಿ ಬಂದೆವು.

ಹಣಮಮ್ಮನ ಕಾಗದ ನೀಲಿಯಾಯಿತು. ಹೆಚ್ಚಿನ ತಪಾಸಣೆಗೆ ಅವಳನ್ನು ನಾಳೆ ಕಲಬುರಗಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಹೊರಡುವಾಗ ಡಾಕ್ಟರು ಕೇಳಿದರು: "ನಿಮ್ಮ ಹಳೇ ಪರೀಕ್ಷೆಯಾಗ ರೋಗ ಇದ್ದೂ ಕೈತಪ್ಪಿ ಹೋದವರು ಯಾರರ ಅದಾರೇನ್ರಿ?"

ರಿಜಿಸ್ಟರನ್ನು ಹಾಳೆ ಹಾಳೆಯಾಗಿ ತಿರುವಿದೆ. ನಿನ್ನ ಹೆಸರನ್ನು ನಾನು ಬರೆದೇ ಇರಲಿಲ್ಲ.

"ಯಾರೂ ಇಲ್ರಿ ಸರ್," ಅಂದೆ.

ನಿನ್ನ ತಮ್ಮ,
ಶಿವರಾಯ